ಶಾಂತವ್ವೆಯ ಏರಿ, ಮುಲಾನ್ ನದಿಯ ಅಣೆ

ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯ ಏರಿ ಹತ್ತಿದವರಿಗೆ ಮೊದಲು ಅಚ್ಚರಿ ತರುವುದು ಅದರ ಗಿಡ್ಡತನ. ಉದ್ದ ಸುಮಾರು 950 ಅಡಿ, ಅಷ್ಟೆ. ಅದರ ಹಿಂದೆ ಕಣ್ಣು ಹಾಯುವಷ್ಟೂ ನೀರು. ಹರಿದ್ರಾ ಹಳ್ಳ ಎರಡು ಗುಡ್ಡಗಳ ನಡುವೆ ನುಸುಳಿ ಹೊರಬೀಳುವ ಜಾಗವನ್ನೇ ಹಿಡಿದು, ಅಲ್ಲಿ ಮಾತ್ರ ಕಲ್ಲುಮಣ್ಣು ಪೇರಿಸಿ, ಮಿಕ್ಕ ಕೆಲಸವನ್ನು ಗುಡ್ಡಗಳಿಗೇ ಬಿಟ್ಟಿದ್ದಾರೆ. ಸಿದ್ದನಾಲೆ, ಬಸವನಾಲೆ ಎಂಬ ಎರಡು ಕಾಲುವೆಗಳು. 11–12ನೇ ಶತಮಾನದ್ದೆಂದು ಹೇಳಲಾಗುವ ಈ ಕೆರೆಯ ನೀರು ಇಂದಿಗೂ ಗದ್ದೆ, ಅಡಿಕೆ ತೋಟಗಳಿಗೆ ಹರಿಯುತ್ತದೆ. ಚಿತ್ರದುರ್ಗ ನಗರಕ್ಕೂ ಕುಡಿಯಲು ಹೋಗುತ್ತದೆ.

ಇಂಥ ಕೆಲಸವನ್ನು ನಮ್ಮ ಜನಪದ ಹೇಗೆ ನೆನಪಿಟ್ಟುಕೊಂಡಿದೆ? ಸ್ವರ್ಗಾವತಿ ಎಂಬ ಪಟ್ಟಣದ ಅರಸುಮಗಳು ಶಾಂತವ್ವೆ, ಅವಳಿಗೆ ಅಂಟಿದ ಕಳಂಕ, ತಂದೆಯ ಸಿಟ್ಟು, ಪ್ರಾಯಶ್ಚಿತ್ತಕ್ಕೆಂದು ಕೆರೆ, ಕೊನೆಗೆ ಪಟ್ಟಣವೇ ಮುಳುಗಡೆ. ‘ಕೆರೆಗೆ ಹಾರ’ ಹಾಡಿನ ಭಾಗೀರಥಿ, ಮಾಸೂರಿನ ಕಡೆಯ ಮದಗದ ಕೆಂಚವ್ವ ಇವಳ ಒಡಹುಟ್ಟುಗಳು. ಈ ಕಥೆಗಳ ಕರುಣೆ ದೊಡ್ಡದು, ನನಗದು ಪ್ರಿಯ. ಆದರೆ ಕೆರೆ ಕಟ್ಟಿಸಿದವಳಿಗೆ ದುಃಖವನ್ನು ಧಾರಾಳವಾಗಿ ಕೊಟ್ಟ ಪರಂಪರೆ ಬುದ್ಧಿಯನ್ನು ಕೊಡಲಿಲ್ಲ. ಆ ಕಣಿವೆಯನ್ನೇ ಯಾರು ಆರಿಸಿದರು, ತೂಬನ್ನು ಎಲ್ಲಿ ಕೂರಿಸಬೇಕೆಂದು ಯಾರು ಹೇಳಿದರು, ಮಣ್ಣು ಹೊತ್ತವರು ಯಾರು ಎಂದು ಕಥೆ ಕೇಳುವುದೇ ಇಲ್ಲ. ಹೆಸರಿನಲ್ಲೂ ಕಳಂಕವೇ ಉಳಿಯಿತು. ಕೆರೆಯ ಇನ್ನೊಂದು ಹೆಸರು ಶಾಂತಿಸಾಗರ ಕಾಗದದ ಮೇಲಷ್ಟೇ ಗೆದ್ದಿದೆ.

ಹೆಚ್ಚುಕಡಿಮೆ ಅದೇ ಕಾಲದಲ್ಲಿ, ಚೀನಾದ ಸೊಂಗ್ ರಾಜವಂಶದ ಆಳ್ವಿಕೆಯಲ್ಲಿ, ಫೂಜಿಯನ್ ಪ್ರಾಂತ್ಯದ ಪುತಿಯನ್ ಎಂಬಲ್ಲಿಯೂ ಒಬ್ಬ ಹೆಣ್ಣುಮಗಳು ನೀರಿಗೆ ಎದುರು ನಿಂತಳು. ಹೆಸರು ಚಿಯನ್ ಸಿನಿಯಾಂಗ್. 1064ರಲ್ಲಿ ಸ್ವಂತ ಹಣ ಸುರಿದು ಮುಲಾನ್ ನದಿಗೆ ಅಣೆ ಕಟ್ಟಿಸಲು ಹೊರಟಳು. ಪ್ರವಾಹ ಅದನ್ನು ಕೊಚ್ಚಿತು. ಅವಳು ನದಿಗೇ ಹಾರಿದಳು. ಇಲ್ಲಿಯವರೆಗೆ ಅದು ನಮ್ಮದೇ ಕಥೆ. ಆದರೆ ಅಲ್ಲಿನವರು ಅವಳನ್ನು ಗುಡಿಯಲ್ಲಿಟ್ಟು ಪೂಜಿಸಿದ್ದರ ಜೊತೆಗೆ, ಅಣೆ ಒಡೆದದ್ದೇಕೆಂದೂ ಬರೆದಿಟ್ಟರು: ಅವಳು ಆರಿಸಿದ ಜಾಗ ಇಕ್ಕಟ್ಟು, ಸೆಳೆತ ಜೋರು. ಅವಳ ನಂತರ ಲಿನ್ ತ್ಸೊಂಗ್‌ಶಿ ಕಡಲ ಕಡೆಗೆ ಸರಿದು ಕಟ್ಟಿಸಿದ. ಅದನ್ನು ಉಬ್ಬರ ಒಡೆಯಿತು. 1075ರಲ್ಲಿ ಬಂದ ಲೀ ಹೊಂಗ್, ಬೌದ್ಧ ಭಿಕ್ಷುವೊಬ್ಬನ ನೆರವಿನಿಂದ, ಎರಡೂ ಸೋಲುಗಳ ನಡುವಿನ ಅಗಲವಾದ, ಸೆಳೆತ ತಗ್ಗಿದ ಜಾಗ ಹಿಡಿದು 1083ಕ್ಕೆ ಮುಗಿಸಿದ. ಅಣೆ ಇಂದಿಗೂ ಕೆಲಸ ಮಾಡುತ್ತಿದೆ. 2014ರಲ್ಲಿ ವಿಶ್ವ ನೀರಾವರಿ ಪರಂಪರೆಯ ಪಟ್ಟಿಗೂ ಸೇರಿತು. ಚನ್ನಗಿರಿಯಲ್ಲಿ ಇಕ್ಕಟ್ಟೇ ವರ, ಪುತಿಯನ್‌ನಲ್ಲಿ ಅದೇ ಶಾಪ. ಮಳೆಗಾಲದ ಹಳ್ಳಕ್ಕೂ ವರ್ಷವಿಡೀ ಹರಿದು ಕಡಲು ಸೇರುವ ಹೊಳೆಗೂ ಅಷ್ಟು ವ್ಯತ್ಯಾಸ.

ನಮಗೆ ಬರವಣಿಗೆ ಗೊತ್ತಿರಲಿಲ್ಲವೆಂದಲ್ಲ. ನ್ಯಾಮತಿ ಸೀಮೆಯ ಬೆಳಗುತ್ತಿಯಿಂದ ಸಿಂದರು ಆಳುತ್ತಿದ್ದ ಕಾಲಕ್ಕೆ ಕೆರೆಯ ಉಳಿವಿಗಾಗಿ ಭೂಮಿ ಬಿಡುವ ಬಿತ್ತುವಟ್ಟ, ದಶವಂದಗಳು ಕನ್ನಡ ಶಾಸನಗಳಲ್ಲಿ ಮಾಮೂಲು. ಕಡಪ ಸೀಮೆಯ ಪೋರುಮಾಮಿಳ್ಳದ 1369ರ ವಿಜಯನಗರ ಶಾಸನವಂತೂ ಕೆರೆಗೆ ಬೇಕಾದ 12 ಅಂಗಗಳನ್ನೂ 6 ದೋಷಗಳನ್ನೂ ಎಣಿಸುತ್ತದೆ: ಸೋರುವ ಏರಿ, ಚೌಳು ಮಣ್ಣು, ಎರಡು ರಾಜ್ಯಗಳ ಗಡಿಯಲ್ಲಿರುವುದು... ದಿನಕ್ಕೆ ಸಾವಿರ ಆಳು, ನೂರು ಬಂಡಿ, ಎರಡು ವರ್ಷ ಎಂಬ ಲೆಕ್ಕವೂ ಅದರಲ್ಲಿದೆ. ಹಾಗಾಗಿ ಕೊರತೆ ಜ್ಞಾನದ್ದಲ್ಲ. ದಾನ ಕಲ್ಲಿಗೆ ಹೋಯಿತು, ಕಣ್ಣೀರು ಹಾಡಿಗೆ ಹೋಯಿತು. ಊರೂರಿನ ಏರಿ ಒಡೆದ ಕಾರಣ ಮಾತ್ರ ಎರಡಕ್ಕೂ ಸಿಗದೆ ಹೋಯಿತು. ಸಂತೇಬೆನ್ನೂರಿನಲ್ಲಿ ಹನುಮಂತಪ್ಪ ನಾಯಕ ಕಟ್ಟಿಸಿದ ಹೊಂಡದ ಚೆಲುವನ್ನು ಹೊಗಳುವಾಗಲೂ ನಾವು ಮಂಟಪದ ಮಾತಾಡುತ್ತೇವೆ, ನೀರು ಬರುವ ದಾರಿಯ ಮಾತಾಡುವುದಿಲ್ಲ.

ಈ ಮರೆವು ಇಂದಿಗೂ ಕಾಡುತ್ತದೆ. ಇದೇ ಸೀಮೆಯ ಹೊನ್ನಾಳಿಗೆ ತುಂಗಭದ್ರೆ ಪಕ್ಕದಲ್ಲೇ ಇದ್ದಾಳೆ. ಜಗಳೂರಿಗೆ ಅಂಥ ಹೊಳೆಯಿಲ್ಲ. ಹರಿಹರದ ಬಳಿಯಿಂದ ತುಂಗಭದ್ರೆಯ ನೀರೆತ್ತಿ 57 ಕೆರೆ ತುಂಬಿಸುವ ಯೋಜನೆ ಆ ಬರಸೀಮೆಗೆ ದೊಡ್ಡ ಆಸೆ. ಪೈಪು ತಲುಪಿಸುವುದು ನೀರನ್ನಷ್ಟೇ. ಆ 57 ಕೆರೆಗಳಲ್ಲಿ ಯಾವುದರ ತೂಬು ಕಟ್ಟಿಕೊಂಡಿದೆ, ಯಾವುದು ಯಾವ ಮಳೆಗೆ ಒಡೆದಿತ್ತು, ಒತ್ತುವರಿ ಎಲ್ಲಿಯವರೆಗೆ ಬಂದಿದೆ ಎಂಬುದನ್ನು ಏರಿಯ ಮೇಲೆ ನಡೆದು ಬಲ್ಲ ಹಿರಿಯರು ಈಗಲೂ ಇದ್ದಾರೆ. ಅವರ ಮಾತು ಪಂಚಾಯಿತಿಯ ಪುಸ್ತಕಕ್ಕೆ ಈ ಬೇಸಿಗೆಯಲ್ಲೇ ಇಳಿಯಬೇಕು.