ಒಳಬೇರಿಂಗಿಗೆ ತಲುಪದ ಗ್ರೀಸು

ತಾಳಗುಂದದ ಪ್ರಣವೇಶ್ವರ ಗುಡಿಯೆದುರಿನ ಕಂಬಶಾಸನವನ್ನು ಕದಂಬರ ವಂಶಾವಳಿಗಾಗಿ, ಮಯೂರಶರ್ಮನ ಕಥೆಗಾಗಿ ಓದುವವರೇ ಹೆಚ್ಚು. ಆದರೆ 5ನೆಯ ಶತಮಾನದ ಕವಿ ಕುಬ್ಜ ಆ ಪದ್ಯಗಳನ್ನು ಬರೆಯಲು ಸಿಕ್ಕ ನೆಪ ಒಂದು ಕೆರೆ. ಗುಡಿಯ ಪಕ್ಕ ಕಾಕುಸ್ಥವರ್ಮ ಕಟ್ಟಿಸಿದ್ದು. ಕೆರೆ ಕಟ್ಟಿಸಿದವನಿಗೆ ಶಾಸನ ಸಿಗುತ್ತದೆ, ಹೂಳು ಹೊತ್ತವರಿಗೆ ಸಿಗುವುದಿಲ್ಲ, ಅದಿರಲಿ. ಶಿಕಾರಿಪುರ, ಸೊರಬದ ಕಡೆ ಬೇಸಿಗೆಯ ಕೊನೆಗೆ ಕೆರೆಯಂಗಳ ಬಿರಿಯುತ್ತಿದ್ದಂತೆ ಟ್ರ್ಯಾಕ್ಟರುಗಳು ಟ್ರೈಲರ್ ಸಮೇತ ಇಳಿಯುತ್ತವೆ, ಗೋಡುಮಣ್ಣು ತುಂಬಿಕೊಂಡು ಏರಿಯ ಪಕ್ಕದ ದಾರಿಯಲ್ಲಿ ಮೇಲಕ್ಕೆ ಬರುತ್ತವೆ. ದಿನವಿಡೀ ಹೊರೆ ಎಳೆದು ಕಾದ ಗಾಲಿಗಳನ್ನು ಸಂಜೆ ಉಳಿದ ನೀರಿಗೇ ಇಳಿಸಿ ತೊಳೆಯುವುದೂ ಉಂಟು. ಕಡಲತೀರದಲ್ಲಿ ದೋಣಿಯನ್ನು ನೀರಿಗೆ ಇಳಿಸುವ ಟ್ರೈಲರಿಗೆ ಯಾವ ಕಾಯಿಲೆಯೋ ನಮ್ಮ ಗೋಡಿನ ಟ್ರೈಲರಿಗೂ ಅದೇ ಕಾಯಿಲೆ. ಉಪ್ಪೊಂದಿಲ್ಲ ಅಷ್ಟೆ.

ಕಾಯಿಲೆಯ ಮೂಲ ಸರಳ. ಓಡಿ ಬಂದ ಹಬ್‌ನೊಳಗಿನ ಗಾಳಿ ಬಿಸಿಯಾಗಿ ಹಿಗ್ಗಿರುತ್ತದೆ. ಹಬ್ಬನ್ನು ತಣ್ಣೀರಿಗೆ ಅದ್ದಿದ ಕೂಡಲೇ ಆ ಗಾಳಿ ಕುಗ್ಗಿ, ತೆರವಾದ ಜಾಗಕ್ಕೆ ಆಯಿಲ್ ಸೀಲಿನ ಅಂಚಿನಿಂದ ನೀರನ್ನು ಎಳೆದುಕೊಳ್ಳುತ್ತದೆ. ಒಳಹೊಕ್ಕ ನೀರು ಗ್ರೀಸಿನೊಡನೆ ಕಲೆತು ಮಜ್ಜಿಗೆಬಣ್ಣಕ್ಕೆ ತಿರುಗುತ್ತದೆ. ಆಮೇಲೆ ಅದು ಗ್ರೀಸಲ್ಲ. ಗಾಡಿ ಓಡುತ್ತಲೇ ಇದ್ದರೆ ಬೇರಿಂಗು ಇನ್ನಷ್ಟು ದಿನ ತಾಳೀತು. ಆದರೆ ಹೂಳಿನ ಕೆಲಸ ಮುಗಿದು ಮಳೆ ಹಿಡಿದ ಮೇಲೆ ಎಷ್ಟೋ ಟ್ರೈಲರುಗಳು ಕೊಟ್ಟಿಗೆಯ ಪಕ್ಕ ನಿಂತೇಬಿಡುತ್ತವೆ. ರೋಲರು ಬೇರಿಂಗಿನ ಹೊರಬಳೆಗೆ, ಅಂದರೆ ಕಪ್ಪಿಗೆ, ತಾಗಿ ನಿಂತ ಗೆರೆಯಲ್ಲೇ ತುಕ್ಕು ಕೂರುತ್ತದೆ. ಮೆಕ್ಕೆಜೋಳದ ಸುಗ್ಗಿಗೆ ಹೊರಟಾಗ ಆ ಗೆರೆಗಳೇ ಗುಂಡಿಗಳಾಗಿ, ಗಾಲಿ ಗುರುಗುಟ್ಟಲು ಶುರು.

ಇದಕ್ಕೆ ನಮ್ಮಲ್ಲಿರುವ ಮದ್ದು ‘ಗ್ರೀಸ್ ಹೊಡೆಯುವುದು’. ಆಯುಧಪೂಜೆಯ ಹಿಂದಿನ ದಿನ ಪೈಪಿನ ನೀರು ಬಿಟ್ಟು ತೊಳೆದು, ನಿಪ್ಪಲ್ ಇದ್ದಲ್ಲಿಗೆಲ್ಲ ಗ್ರೀಸ್ ಗನ್ ಹಚ್ಚಿ, ಹೊಸ ಗ್ರೀಸು ಹೊರಗೆ ಇಣುಕಿದರೆ ಆಯಿತು. ಹಬ್ಬಿಗೆ ನಿಪ್ಪಲ್ ಇಲ್ಲದಿದ್ದರೆ ಮುಚ್ಚಳ ತೆಗೆದು ಒಂದು ಹಿಡಿ ಮೆತ್ತಿ ಮತ್ತೆ ಬಡಿಯುವುದು. ಮೇಲೆ ಚೆಂಡುಹೂ. ಈ ಕ್ರಮವನ್ನು ನಾನು ಅರ್ಧ ಪೂಜೆ ಎಂದೇ ಎಣಿಸುತ್ತೇನೆ. ಒಂದು ಹಬ್ಬಿನಲ್ಲಿ ಬೇರಿಂಗು ಎರಡು: ಹೊರಗಿನದು ಚಿಕ್ಕದು, ಒಳಗಿನದು ದೊಡ್ಡದು. ಮುಚ್ಚಳದಿಂದ ಮೆತ್ತಿದ್ದು ಹೊರಗಿನದರ ಮೂತಿಗೆ ಅಂಟಿ ಅಲ್ಲೇ ಉಳಿಯುತ್ತದೆ. ನಿಪ್ಪಲಿನಿಂದ ತಳ್ಳಿದ್ದು ದಾರಿ ಸಲೀಸಾದ ಕಡೆ ಹರಿಯುತ್ತದೆ, ನೀರು ಕುಡಿದ ಹಳೆಯ ಗ್ರೀಸು ರೋಲರುಗಳ ನಡುವೆ ಹಾಗೇ ಕೂತಿರುತ್ತದೆ. ಹಟ ಹಿಡಿದು ಇನ್ನೂ ಒತ್ತಿದರೆ ಹಿಂದಿನ ಸೀಲು ಕಿತ್ತು ಬರುತ್ತದೆ, ಮುಂದಿನ ಸಲ ನೀರಿಗೆ ಬಾಗಿಲೇ ತೆರೆದಂತೆ. ದೋಣಿಯ ಟ್ರೈಲರಿನವರು ಸ್ಪ್ರಿಂಗ್ ಇರುವ ಮುಚ್ಚಳ ಹಾಕಿ ಒಳಗಿನ ಗ್ರೀಸನ್ನು ಸದಾ ತುಸು ಒತ್ತಡದಲ್ಲಿಟ್ಟು ನೀರನ್ನು ತಡೆಯುತ್ತಾರೆ. ಒಳ್ಳೆಯ ಯುಕ್ತಿ. ಅದಕ್ಕೂ ಮಿತಿಮೀರಿ ತುಂಬಿದರೆ ಸೀಲು ಹೋಗುವುದು ತಪ್ಪಿದ್ದಲ್ಲ, ಬಿಚ್ಚಿ ನೋಡುವ ಕೆಲಸವೂ ತಪ್ಪಿದ್ದಲ್ಲ.

ಮರದ ಗಾಡಿಯ ಕಾಲದಲ್ಲಿ ಕಡೆಗೀಲು ಕಿತ್ತು ಗಾಲಿಯನ್ನು ಜರುಗಿಸದೆ ಅಚ್ಚಿಗೆ ಕೀಲೆಣ್ಣೆ ಹಚ್ಚುವಂತಿರಲಿಲ್ಲ. ಹಾಗಾಗಿ ಸವೆತ ಕಣ್ಣಿಗೆ ಬೀಳುತ್ತಿತ್ತು. ಆ ಕಾಲವನ್ನು ಹೊಗಳುವ ಆಸೆ ನನಗಿಲ್ಲ, ಎತ್ತುಗಳಿಗಂತೂ ಇರಲಿಕ್ಕಿಲ್ಲ. ಟೈರುಗಾಡಿ ಬಂದಾಗ ಅವುಗಳ ಹೆಗಲಿನ ಭಾರ ಇಳಿಸಿದ್ದು ಬೇರಿಂಗೇ. ಓರೆರೋಲರಿನ ಈ ಬೇರಿಂಗಿಗೆ 1898ರಲ್ಲಿ ಅಮೆರಿಕದಲ್ಲಿ ಪೇಟೆಂಟು ಪಡೆದ ಹೆನ್ರಿ ಟಿಮ್ಕೆನ್ ಕೂಡ ಕುದುರೆಗಾಡಿ ಕಟ್ಟುವವನೇ. ಗಾಡಿ ತಿರುವಿನಲ್ಲಿ ಹೊರಳಿದಾಗ ಅಚ್ಚಿನ ಮೇಲೆ ಬೀಳುವ ಅಡ್ಡಹೊರೆಯನ್ನು ತಾಳಲೆಂದೇ ರೋಲರುಗಳನ್ನು ಓರೆಯಾಗಿ ಕೂರಿಸಿದ್ದು. ಕೆರೆದಂಡೆಯ ತಿರುವಿನಲ್ಲಿ ಒಂದೇ ಕಡೆ ವಾಲಿ ಬರುವ ಗೋಡಿನ ಟ್ರೈಲರಿಗೆ ಇದಕ್ಕಿಂತ ಒಪ್ಪುವ ಬೇರಿಂಗಿಲ್ಲ.

ಬದಲಾಯಿಸುವ ವಿಷಯದಲ್ಲಿ ಗ್ಯಾರೇಜುಗಳ ಕೆಲಸವನ್ನು ಒಂದೇ ಮಾತಿನಲ್ಲಿ ತೂಗಲಾಗದು. ಗಾಲಿಯನ್ನು ಜಾಕಿಗೇರಿಸಿ ತಿರುಗಿಸಿ, ಕಮಾನುಪಟ್ಟಿಯ ಮೇಲೆ ಅಂಗೈಯಿಟ್ಟು ಒಳಗಿನ ಒರಟನ್ನು ಹಿಡಿಯುವ ಮೇಸ್ತ್ರಿಗಳು ನಮ್ಮಲ್ಲಿದ್ದಾರೆ. ಆ ಕೈಗೆ ನಾನು ಪೂರ್ತಿ ಅಂಕ ಕೊಡುತ್ತೇನೆ. ಅಂಕ ಹೋಗುವುದು ಮುಂದಿನ ಹೆಜ್ಜೆಯಲ್ಲಿ. ರೋಲರು ಹೊತ್ತ ಒಳಬಳೆಯಾದ ಕೋನು, ಹೊರಗಿನ ಕಪ್ಪು ಎರಡೂ ಜೋಡಿಯಾಗಿ ಸವೆಯುವಂಥವು. ಹಬ್ಬಿನೊಳಗೆ ಬಿಗಿದು ಕೂತ ಕಪ್ಪನ್ನು ಸುತ್ತಲೂ ತಟ್ಟಿ ಹೊರತೆಗೆಯುವುದು ಬೇಸರದ ಕೆಲಸ. ಹಾಗೆಂದು ಹಳೆಯ ಕಪ್ಪಿಗೇ ಹೊಸ ಕೋನು ಕೂರಿಸಿ ಕಳಿಸಿದರೆ ಹಳೆಯ ಗುಂಡಿಗಳು ಹೊಸ ರೋಲರನ್ನು ತಿನ್ನುತ್ತವೆ. ಸೀಲು ಅಗ್ಗದ ವಸ್ತು, ಒಮ್ಮೆ ತೆಗೆದದ್ದನ್ನು ಎಸೆಯಬೇಕು, ಎಸೆಯುವುದಿಲ್ಲ. ಸ್ಪ್ಲಿಟ್ ಪಿನ್ನಿನ ಜಾಗದಲ್ಲಿ ಮೊಳೆ ಬಗ್ಗಿಸಿ ತೂರಿಸಿದ್ದನ್ನು ನೋಡಿದರೆ ಹಿಂದೆ ಬರುತ್ತಿರುವ ಸೈಕಲ್ ಸವಾರನ ನೆನಪಾಗುತ್ತದೆ. ನಟ್ಟನ್ನು ಬಲ ಬಿಟ್ಟು ಬಿಗಿದರೆ ಗಟ್ಟಿ ಎಂಬ ನಂಬಿಕೆಯೂ ಹೀಗೆಯೇ ಕೆಟ್ಟದ್ದು. ಗಾಲಿ ತಿರುಗಿಸುತ್ತ ಬಿಗಿದು, ರೋಲರು ಕೂತ ಮೇಲೆ ಸಡಿಲಿಸಿ, ಬೆರಳಿನ ಬಿಗಿಗೆ ತಂದು ನಿಲ್ಲಿಸಬೇಕು. ಪಿನ್ನಿನ ತೂತು ಸೇರದಿದ್ದರೆ ಸಡಿಲದ ಕಡೆಗೇ ತಿರುಗಿಸಬೇಕು, ಬಿಗಿಯ ಕಡೆಗಲ್ಲ. ಕೂದಲೆಳೆಯಷ್ಟು ಅಲ್ಲಾಟ ಇದ್ದರೇ ಬೇರಿಂಗು ಬದುಕುವುದು.

ಡೀಸೆಲಿನಲ್ಲಿ ತೊಳೆದು ಒಣಗಿಸಿದ ಬೇರಿಂಗನ್ನು ಅಂಗೈಯ ಗ್ರೀಸಿಗೆ ದಪ್ಪ ಬದಿಯಿಂದ ಒತ್ತುತ್ತ ಹೋದರೆ ಗ್ರೀಸು ಇನ್ನೊಂದು ಬದಿಯಲ್ಲಿ ರೋಲರುಗಳ ಸಂದಿನಿಂದ ಏಳುತ್ತದೆ. ಅಷ್ಟಾದರೆ ತುಂಬಿತು. ಗನ್ ಮಾಡಲಾಗದ್ದನ್ನು ಕೈ ಮಾಡುತ್ತದೆ. ಒಣಗಿಸುವ ಆತುರಕ್ಕೆ ಕಂಪ್ರೆಸರಿನ ಗಾಳಿಯಲ್ಲಿ ಅದನ್ನು ಬುಗುರಿಯಂತೆ ತಿರುಗಿಸುವ ಹುಡುಗರನ್ನು ಮಾತ್ರ ಗದರಲೇಬೇಕು: ಎಣ್ಣೆಯಿಲ್ಲದ ರೋಲರು ಸಿಡಿದರೆ ಕಣ್ಣು ಹೋಗುತ್ತದೆ.

ನನ್ನ ತಕರಾರು ಕೊನೆಗೆ ನಿಲ್ಲುವುದು ಪಂಚಾಂಗದ ಮೇಲೆ. ಆಯುಧಪೂಜೆ ಬರುವ ಹೊತ್ತಿಗೆ ಹೂಳಿನ ನೀರು ಹಬ್ಬಿನೊಳಗೆ ನಾಲ್ಕು ತಿಂಗಳು ಕೂತಾಗಿರುತ್ತದೆ. ಗೋಡಿನ ಕೊನೆಯ ಹೊರೆ ಇಳಿಸಿದ ವಾರದಲ್ಲೇ, ಮುಂಗಾರು ಬಲಿಯುವ ಮುಂಚೆ, ಎರಡೂ ಗಾಲಿ ಬಿಚ್ಚಿ ತೊಳೆದು, ನೀರಿಗೆ ತಾಳುವ ಗ್ರೀಸು ತುಂಬಿ, ಹೊಸ ಸೀಲು ಹಾಕಿ ನಿಲ್ಲಿಸಿದರೆ ನವರಾತ್ರಿಗೆ ಗನ್ ಹಿಡಿಯುವ ಅಗತ್ಯವೇ ಬೀಳದು. ಚೆಂಡುಹೂವಿಗೆ ನನ್ನ ಅಡ್ಡಿಯಿಲ್ಲ.