ಲಿಂಕನ್ನನ ವಂಶಾವಳಿ: ಗಡಿನಾಡಿನ ದಾಖಲೆಗಳ ಒಂದು ವಿಮರ್ಶೆ

ಪ್ರಸಿದ್ಧಪುರುಷರ ವಂಶವನ್ನು ಶೋಧಿಸುವ ಕುತೂಹಲ ಎಲ್ಲ ದೇಶಗಳಲ್ಲಿಯೂ ಉಂಟು. ಆದರೆ ಅಬ್ರಹಾಂ ಲಿಂಕನ್ನನ ಪೂರ್ವಿಕರನ್ನು ಕುರಿತು ಅಮೆರಿಕೆಯಲ್ಲಿ ನಡೆದಷ್ಟು ಶೋಧನೆಯೂ ವಾದವಿವಾದವೂ ಬೇರೊಬ್ಬರ ವಿಷಯದಲ್ಲಿ ನಡೆದಿರುವುದು ವಿರಳ. ೧೮೬೫ರಲ್ಲಿ ಆತನು ಹತನಾದಾಗ ಆತನ ವಂಶದ ಸಂಗತಿ ಎರಡು ತಲೆಮಾರುಗಳ ಆಚೆಗೆ ಯಾರಿಗೂ ಸ್ಪಷ್ಟವಾಗಿ ತಿಳಿದಿರಲಿಲ್ಲ. ತಂದೆ ಥಾಮಸ್ ಓದುಬರಹ ಅಷ್ಟಾಗಿ ಬಲ್ಲವನಲ್ಲ. ತಾಯಿ ನ್ಯಾನ್ಸಿ ಹ್ಯಾಂಕ್ಸ್ ಮಗನಿಗೆ ಒಂಬತ್ತು ವರ್ಷವಾಗಿದ್ದಾಗ, ೧೮೧೮ರಲ್ಲಿ, ತೀರಿಕೊಂಡಳು. ತಾತನು ಕೆಂಟಕಿಯ ಕಾಡಿನಲ್ಲಿ ಕೊಲೆಯಾದವನು. ಈ ಶೂನ್ಯವನ್ನು ತುಂಬಲು ಹೊರಟ ಗ್ರಂಥಗಳಲ್ಲಿ ನಾಲ್ಕು ಮುಖ್ಯವಾದವು: ಕ್ಯಾರೊಲಿನ್ ಹ್ಯಾಂಕ್ಸ್ ಹಿಚ್‌ಕಾಕ್ ಅವರು ನ್ಯಾನ್ಸಿ ಹ್ಯಾಂಕ್ಸಳನ್ನು ಕುರಿತು ಬರೆದ ಪುಸ್ತಕ (೧೮೯೯), ಲೀ ಮತ್ತು ಹಚಿನ್‌ಸನ್ ಅವರ ಲಿಂಕನ್ ಪೂರ್ವಿಕರ ಚರಿತ್ರೆ (೧೯೦೯), ಲೂಯಿ ವಾರನ್ ಅವರ ಗ್ರಂಥ (೧೯೨೬), ವಿಲಿಯಂ ಬಾರ್ಟನ್ ಅವರ ಗ್ರಂಥ (೧೯೨೯). ಆ ವಂಶಾವಳಿಯನ್ನು ಮತ್ತೊಮ್ಮೆ ಇಲ್ಲಿ ಪಟ್ಟಿಮಾಡುವುದು ನಮ್ಮ ಉದ್ದೇಶವಲ್ಲ. ಗಡಿನಾಡಿನ ದಾಖಲೆಗಳನ್ನು ಈ ಗ್ರಂಥಕರ್ತರು ಹೇಗೆ ಓದಿದರು, ಆ ದಾಖಲೆಗಳು ಎಷ್ಟು ಭಾರವನ್ನು ಹೊರಬಲ್ಲವು, ಎಲ್ಲಿ ಹೊರಲಾರವು ಎಂಬುದನ್ನು ಪರಿಶೀಲಿಸುವುದಷ್ಟೇ ಈ ಲೇಖನದ ಗುರಿ.

೧

ನಿರ್ವಿವಾದವಾದ ಅಂಶವನ್ನು ಸಂಕ್ಷೇಪವಾಗಿ ಹೇಳಬಹುದು. ಇಂಗ್ಲೆಂಡಿನ ನಾರ್ಫೋಕ್ ಪ್ರಾಂತದ ಹಿಂಗ್‌ಹ್ಯಾಮ್‌ನಿಂದ ಸ್ಯಾಮ್ಯುಯಲ್ ಲಿಂಕನ್ ಎಂಬುವನು ೧೬೩೭ರಲ್ಲಿ ಮ್ಯಾಸಚೂಸೆಟ್ಸಿಗೆ ಬಂದು, ಅದೇ ಹೆಸರಿನ ಹೊಸ ಊರಿನಲ್ಲಿ ನೆಲೆಸಿದನು. ಅವನ ಸಂತತಿಯವರು ನ್ಯೂಜರ್ಸಿಗೂ ಅಲ್ಲಿಂದ ಪೆನ್ಸಿಲ್ವೇನಿಯದ ಬರ್ಕ್ಸ್ ಕೌಂಟಿಗೂ ಸರಿದರು. ಅವರಲ್ಲಿ ಜಾನ್ ಎಂಬುವನು ೧೭೬೮ರ ಸುಮಾರಿಗೆ ವರ್ಜೀನಿಯದ ಶೆನಂಡೋವಾ ಕಣಿವೆಗೆ ಹೋದನು. ಅವನ ಮಗ ಕ್ಯಾಪ್ಟನ್ ಅಬ್ರಹಾಂ ೧೭೮೨ರ ಸುಮಾರಿಗೆ ಬೆಟ್ಟಗಳನ್ನು ದಾಟಿ ಕೆಂಟಕಿಯನ್ನು ಸೇರಿದನು. ಈತನ ಕಿರಿಯ ಮಗನೇ ಅಧ್ಯಕ್ಷನ ತಂದೆಯಾದ ಥಾಮಸ್.

ಗಮನಾರ್ಹವಾದ ಸಂಗತಿಯೆಂದರೆ, ಈ ಸರಪಣಿಯು ಲಿಂಕನ್ನನಿಗೇ ತಿಳಿದಿರಲಿಲ್ಲ. ೧೮೪೮ರಲ್ಲಿ, ತಾನು ಕಾಂಗ್ರೆಸ್ಸಿನ ಸದಸ್ಯನಾಗಿದ್ದಾಗ, ಹಿಂಗ್‌ಹ್ಯಾಮ್‌ನ ಚರಿತ್ರಕಾರ ಸಾಲೊಮನ್ ಲಿಂಕನ್ನನಿಗೆ ಬರೆದ ಪತ್ರಗಳಲ್ಲಿ ಆತನು ಪೆನ್ಸಿಲ್ವೇನಿಯದವರೆಗೆ ಮಾತ್ರ ಹಿಂದಕ್ಕೆ ಹೋಗಬಲ್ಲವನಾಗಿದ್ದನು. ಪೂರ್ವಿಕರು ಕ್ವೇಕರ್ ಪಂಥದವರೆಂಬ ಐತಿಹ್ಯವನ್ನು ಮಾತ್ರ ಬಲ್ಲವನಾಗಿದ್ದನು. ಮ್ಯಾಸಚೂಸೆಟ್ಸಿನ ಕೊಂಡಿಯನ್ನು ಆ ಮೇಲಿನ ಶೋಧಕರು ಉಯಿಲುಗಳಿಂದಲೂ ಕ್ರಯಪತ್ರಗಳಿಂದಲೂ ಬೆಸೆದರು. ಎಂದರೆ, ಕುಟುಂಬದ ನೆನಪು ಎರಡು ಮೂರು ತಲೆಮಾರುಗಳಲ್ಲಿ ಅಳಿಸಿಹೋಗಬಹುದು. ಆಸ್ತಿಯ ಕಾಗದ ಉಳಿಯಬಹುದು. ಆದರೆ ಆಸ್ತಿಯ ಕಾಗದವು ವಂಶವನ್ನು ತಿಳಿಸುವುದಕ್ಕಾಗಿ ಹುಟ್ಟಿದ್ದಲ್ಲ. ನಮ್ಮ ತಾಮ್ರಶಾಸನಗಳನ್ನು ಓದುವ ವಿದ್ಯಾರ್ಥಿಯು ವಂಶಪ್ರಶಸ್ತಿಯ ಭಾಗವನ್ನೂ ದತ್ತಿಭೂಮಿಯ ಎಲ್ಲೆಗಳನ್ನು ಹೇಳುವ ಭಾಗವನ್ನೂ ಬೇರೆ ಬೇರೆಯಾಗಿ ತೂಗುವಂತೆ, ಇಲ್ಲಿಯೂ ಪ್ರತಿಯೊಂದು ಕಾಗದವು ಯಾವ ಕಾರ್ಯಕ್ಕಾಗಿ ಹುಟ್ಟಿತೆಂದು ಮೊದಲು ಕೇಳಬೇಕಾಗುತ್ತದೆ.

೨

ಕೆಂಟಕಿಯು ೧೭೯೨ರವರೆಗೆ ವರ್ಜೀನಿಯಕ್ಕೆ ಸೇರಿದ ಪ್ರದೇಶವಾಗಿತ್ತು. ೧೭೭೯ರ ವರ್ಜೀನಿಯ ಭೂಕಾಯಿದೆಯ ಮೇರೆಗೆ ಅಲ್ಲಿ ಜಮೀನನ್ನು ಪಡೆಯಲು ನಾಲ್ಕು ಹಂತಗಳಿದ್ದವು: ಖಜಾನೆಗೆ ಹಣ ಕಟ್ಟಿ ಪಡೆಯುವ ವಾರಂಟು, ಭೂಮಿಯನ್ನು ಗೊತ್ತುಮಾಡಿ ಬರೆಯಿಸುವ ನೋಂದಣಿ, ಮೋಜಣಿ, ಕೊನೆಗೆ ಪಟ್ಟಾ. ಒಂದೊಂದು ಹಂತವೂ ಒಂದೊಂದು ಕಾಗದವನ್ನು ಉಳಿಸಿತು. ೧೭೮೦ರ ಮಾರ್ಚಿಯಲ್ಲಿ ಕ್ಯಾಪ್ಟನ್ ಅಬ್ರಹಾಂ ೧೬೦ ಪೌಂಡುಗಳನ್ನು ಕಟ್ಟಿ ೪೦೦ ಎಕರೆಗೆ ವಾರಂಟು ಪಡೆದನು. ಅದರಲ್ಲಿ ಅವನ ಹೆಸರು ‘ಲಿಂಕ್‌ಹಾರ್ನ್’ ಎಂದಿದೆ. ಗುಮಾಸ್ತನು ಕಿವಿಗೆ ಬಿದ್ದಂತೆ ಬರೆದುಕೊಂಡ ರೂಪ ಅದು. ಹೆಸರಿನ ಕಾಗುಣಿತವನ್ನೇ ನೆಚ್ಚಿ ಸೂಚಿಯನ್ನು ಹುಡುಕುವವನಿಗೆ ಈ ಕಾಗದ ಸಿಕ್ಕುವುದೇ ಇಲ್ಲ.

ಇದೇ ಭೂಮಿಯ ಮೋಜಣಿ ಲಾಂಗ್ ರನ್ ಎಂಬ ತೊರೆಯ ಬಳಿ ೧೭೮೫ರ ಮೇ ೭ರಂದು ನಡೆಯಿತು. ಸರಪಣಿ ಹಿಡಿದವರು ಅನನೈಯ ಲಿಂಕನ್ ಮತ್ತು ಜೋಸೈಯ ಲಿಂಕನ್. ಗುರುತು ಹಾಕಿದವನು ಅಬ್ರಹಾಂ ಲಿಂಕ್‌ಹಾರ್ನ್. ಒಂದೇ ಕಾಗದದಲ್ಲಿ ಒಂದೇ ಮನೆತನದ ಹೆಸರು ಎರಡು ರೂಪಗಳಲ್ಲಿ ಬಂದಿರುವುದನ್ನು ವಾಚಕರು ಗಮನಿಸಬೇಕು. ಇದಕ್ಕಿಂತಲೂ ಮುಖ್ಯವಾದುದು ಕಾಲದ ಪ್ರಶ್ನೆ. ೧೮೬೦ರಲ್ಲಿ ಲಿಂಕನ್ ತನ್ನ ಜೀವನವನ್ನು ಕುರಿತು ಬರೆದುಕೊಟ್ಟ ಸಂಗ್ರಹದಲ್ಲಿ ತಾತನು ಸುಮಾರು ೧೭೮೪ರಲ್ಲಿ ಮೂಲನಿವಾಸಿಗಳಿಂದ ಹತನಾದನೆಂದು ಹೇಳಿದ್ದಾನೆ. ಹೊಲದಲ್ಲಿ ಕೆಲಸಮಾಡುತ್ತಿದ್ದ ತಂದೆ ಗುಂಡೇಟಿಗೆ ಬಿದ್ದದ್ದು, ಹಿರಿಯ ಮಗ ಮೊರ್ಡಕೈ ಮನೆಯೊಳಗಿಂದ ಗುಂಡು ಹಾರಿಸಿ ಬಾಲಕ ಥಾಮಸನನ್ನು ಉಳಿಸಿದ್ದು, ಇವು ಮನೆತನದಲ್ಲಿ ಮತ್ತೆ ಮತ್ತೆ ಹೇಳಲ್ಪಟ್ಟ ಕಥೆ. ೧೭೮೪ರಲ್ಲಿ ಸತ್ತವನು ೧೭೮೫ರಲ್ಲಿ ಮೋಜಣಿಗೆ ಗುರುತು ಹಾಕಲಾರನು. ಆದುದರಿಂದ ಈಗ ಮರಣದ ವರ್ಷವನ್ನು ೧೭೮೬ ಎಂದು ಎಣಿಸುತ್ತಾರೆ. ಇಲ್ಲಿ ಐತಿಹ್ಯವು ಸುಳ್ಳಾಯಿತೆಂದು ಹೇಳುವುದು ಸರಿಯಲ್ಲ. ಘಟನೆಯನ್ನು ನೆನಪು ಉಳಿಸಿಕೊಂಡಿತು; ವರ್ಷವನ್ನು ಬಿಟ್ಟುಕೊಟ್ಟಿತು. ಐತಿಹ್ಯದ ಬಲವೂ ದೌರ್ಬಲ್ಯವೂ ಸಾಮಾನ್ಯವಾಗಿ ಹೀಗೆಯೇ ಹಂಚಿಕೊಂಡಿರುತ್ತವೆ.

ಈ ವರ್ಷದ ನಿರ್ಣಯ ಬರಿಯ ಪಾಂಡಿತ್ಯದ ಮಾತೂ ಅಲ್ಲ. ಕ್ಯಾಪ್ಟನ್ ಅಬ್ರಹಾಂ ಉಯಿಲು ಬರೆಯದೆ ಸತ್ತನು. ಹಿರಿಯ ಮಗನಿಗೇ ಭೂಮಿಯೆಲ್ಲ ಸಲ್ಲಬೇಕೆಂಬ ಹಳೆಯ ನಿಯಮವನ್ನು ವರ್ಜೀನಿಯವು ೧೭೮೫ರಲ್ಲಿ ರದ್ದುಮಾಡಿತ್ತಾದರೂ, ಆ ಶಾಸನ ಜಾರಿಗೆ ಬಂದದ್ದು ೧೭೮೭ರ ಜನವರಿ ೧ರಿಂದ. ಕೆಲವೇ ತಿಂಗಳುಗಳ ಅಂತರದಿಂದ ಮೊರ್ಡಕೈ ಸ್ಥಿತಿವಂತನಾದನು. ಥಾಮಸ್ ಬರಿಗೈಯಲ್ಲಿ ನಿಂತನು. ‘ಬಡ ಲಿಂಕನ್ನರು’ ಎಂಬ ಮಾತಿನ ಹಿಂದೆ ವಂಶದ ಗುಣವನ್ನು ಹುಡುಕಿದವರು ಕಾಯಿದೆಯ ಒಂದು ತಾರೀಖನ್ನು ನೋಡಿದ್ದರೆ ಸಾಕಾಗುತ್ತಿತ್ತು.

೩

ಶೋಧಕರು ಹೆಚ್ಚಾಗಿ ಎಡವಿದ ಸ್ಥಳ ತಾಯಿಯ ವಂಶ. ಕೆಂಟಕಿಯ ನೆಲ್ಸನ್ ಕೌಂಟಿಯಲ್ಲಿ ಜೋಸೆಫ್ ಹ್ಯಾಂಕ್ಸ್ ಎಂಬ ರೈತನು ೧೭೯೩ರಲ್ಲಿ ಬರೆದ ಉಯಿಲು ದೊರೆತಿದೆ. ಐವರು ಗಂಡುಮಕ್ಕಳಿಗೆ ಒಂದೊಂದು ಕುದುರೆ, ಮೂವರು ಹೆಣ್ಣುಮಕ್ಕಳಿಗೆ ಒಂದೊಂದು ಕಡಸು, ಪ್ರತಿಯೊಂದು ಪ್ರಾಣಿಯ ಹೆಸರು ಸಹ ಅದರಲ್ಲಿದೆ. ಹೆಣ್ಣುಮಕ್ಕಳಲ್ಲಿ ಒಬ್ಬಳು ನ್ಯಾನ್ಸಿ. ಹಿಚ್‌ಕಾಕ್ ಅವರು ಈಕೆಯೇ ಲಿಂಕನ್ನನ ತಾಯಿಯೆಂದು ನಿರ್ಧರಿಸಿದರು. ಹೆಸರು ಒಂದೇ, ಪ್ರದೇಶ ಒಂದೇ, ಕಾಲವೂ ಹೊಂದುತ್ತದೆ. ಆದರೂ ಈ ನಿರ್ಧಾರ ನಿಲ್ಲಲಿಲ್ಲ. ಆ ನ್ಯಾನ್ಸಿಯು ೧೭೯೯ರಲ್ಲಿ ಹುಟ್ಟಿದ ಡೆನಿಸ್ ಹ್ಯಾಂಕ್ಸನ ತಾಯಿಯಾಗಿ, ಮುಂದೆ ಲೆವಿ ಹಾಲ್ ಎಂಬುವನನ್ನು ಮದುವೆಯಾದ ಬೇರೆ ವ್ಯಕ್ತಿಯೆಂದು ಆಮೇಲೆ ಸ್ಪಷ್ಟಪಟ್ಟಿತು. ತಾತ ಅಜ್ಜಿಯರ ಹೆಸರುಗಳನ್ನೇ ಮತ್ತೆ ಮತ್ತೆ ಇಡುವ ಕುಟುಂಬಗಳಲ್ಲಿ ಹೆಸರಿನ ಸಾಮ್ಯವು ಸೂಚನೆ ಮಾತ್ರ, ಪ್ರಮಾಣವಲ್ಲ. ವ್ಯಕ್ತಿಯು ಒಬ್ಬನೇ ಎಂದು ಸ್ಥಾಪಿಸಲು ಹೆಸರಿನ ಜೊತೆಗೆ ಸಂಗಾತಿ, ನೆರೆಹೊರೆ, ಭೂಮಿ, ಸಾಕ್ಷಿಗಳು, ಇವುಗಳಲ್ಲಿ ಮತ್ತೊಂದಾದರೂ ಸೇರಬೇಕು.

ಲಿಂಕನ್ನನ ವಕೀಲಿಯಲ್ಲಿ ಪಾಲುದಾರನಾಗಿದ್ದ ಹರ್ನ್‌ಡನ್, ತನ್ನ ತಾಯಿ ಲೂಸಿ ಹ್ಯಾಂಕ್ಸ್ ಎಂಬಾಕೆಗೆ ವಿವಾಹಬಾಹಿರವಾಗಿ ಹುಟ್ಟಿದವಳೆಂದು ಲಿಂಕನ್ನನೇ ಒಮ್ಮೆ ಹೇಳಿದನೆಂದು ಬರೆದಿದ್ದಾನೆ. ಇದು ಒಬ್ಬನ ನೆನಪು. ಬಹು ವರ್ಷಗಳ ಮೇಲೆ ಅಚ್ಚಾದದ್ದು. ಬಾರ್ಟನ್ ಅವರು ಇದಕ್ಕೆ ಮರ್ಸರ್ ಕೌಂಟಿಯ ನ್ಯಾಯಾಲಯದ ಪುಸ್ತಕದಿಂದ ಆಧಾರ ತಂದರು. ೧೭೮೯ರಲ್ಲಿ ಲೂಸಿ ಹ್ಯಾಂಕ್ಸಳ ನಡತೆಯನ್ನು ಕುರಿತು ಪಂಚಾಯಿತರು ಆರೋಪ ಹೊರಿಸಿದ್ದರು. ಮರುವರ್ಷ ಆಕೆಗೂ ಹೆನ್ರಿ ಸ್ಪ್ಯಾರೋ ಎಂಬುವನಿಗೂ ವಿವಾಹದ ಜಾಮೀನುಪತ್ರವಾಯಿತು. ವಾರನ್ ಅವರು ಇದನ್ನೊಪ್ಪದೆ, ಲೂಸಿಯು ಹ್ಯಾಂಕ್ಸ್ ಮನೆತನದ ವಿಧವೆ, ಹುಟ್ಟಿನಿಂದ ಶಿಪ್ಲಿ ಕುಟುಂಬದವಳು, ನ್ಯಾನ್ಸಿ ಧರ್ಮಸಮ್ಮತವಾದ ಮದುವೆಯ ಮಗಳು ಎಂದು ವಾದಿಸಿದರು.

ಇವರಿಬ್ಬರ ವಾದಗಳನ್ನು ಹೋಲಿಸಿದಾಗ ಒಂದು ಅಂಶ ಎದ್ದುಕಾಣುತ್ತದೆ. ಬಾರ್ಟನ್ ಅವರ ಕೈಯಲ್ಲಿ ಕಾಗದವಿದೆ. ಆದರೆ ಕಾಗದವು ಲೂಸಿಯ ಮಾತನ್ನು ಹೇಳುತ್ತದೆಯೇ ಹೊರತು ಮಗುವಿನ ಹೆಸರನ್ನು ಹೇಳುವುದಿಲ್ಲ. ವಾರನ್ ಅವರ ಕೈಯಲ್ಲಿ ಬಯಕೆಯಿದೆ. ಮಹಾಪುರುಷನ ತಾಯಿಗೆ ಕಳಂಕ ತಟ್ಟಬಾರದೆಂಬ ಆ ಬಯಕೆಯು ಸಾಕ್ಷ್ಯವಿಲ್ಲದ ಒಂದು ಮದುವೆಯನ್ನು ಊಹಿಸಿಕೊಂಡಿತು. ೨೦೧೫ರಲ್ಲಿ ಪ್ರಕಟವಾದ ಮೈಟೊಕಾಂಡ್ರಿಯ ಡಿ.ಎನ್.ಎ. ಪರೀಕ್ಷೆಯು ಲೂಸಿಯ ಹೆಣ್ಣುಸಂತತಿಯನ್ನೂ ಜೋಸೆಫ್ ಹ್ಯಾಂಕ್ಸನ ಪತ್ನಿ ಆ್ಯನಳ ಹೆಣ್ಣುಸಂತತಿಯನ್ನೂ ಹೋಲಿಸಿ, ಲೂಸಿಯು ಆ ಮನೆಯ ಮಗಳೇ ಎಂಬ ಪಕ್ಷವನ್ನು ಬಲಪಡಿಸಿತು. ಶಿಪ್ಲಿ ವಾದಕ್ಕೆ ಇದರಿಂದ ಬಲವಾದ ಪೆಟ್ಟು ಬಿದ್ದಿತು. ಆದರೆ ವಿಜ್ಞಾನದ ಹೆಸರು ಬಂದೊಡನೆ ವಿಮರ್ಶೆಯನ್ನು ಬಿಡಬೇಕಾಗಿಲ್ಲ. ನ್ಯಾನ್ಸಿಯ ಒಬ್ಬಳೇ ಮಗಳು ಸಾರಾ ೧೮೨೮ರಲ್ಲಿ ಹೆರಿಗೆಯಲ್ಲಿ ತೀರಿಕೊಂಡಳು, ಕೂಸೂ ಉಳಿಯಲಿಲ್ಲ. ನ್ಯಾನ್ಸಿಯ ಹೆಣ್ಣುಸಂತತಿ ಅಲ್ಲಿಗೇ ಮುಗಿದುದರಿಂದ ಈ ಪರೀಕ್ಷೆಯು ಲೂಸಿಯವರೆಗೆ ನೇರವಾಗಿ ಹೋಗುತ್ತದೆ. ಲೂಸಿಯಿಂದ ನ್ಯಾನ್ಸಿಗೆ ಬರುವ ಹೆಜ್ಜೆಗೆ ಈಗಲೂ ಕಾಗದ ಮತ್ತು ಐತಿಹ್ಯಗಳೇ ಆಧಾರ. ಬಾರ್ಟನ್ ಅವರ ನಿರ್ಣಯವೇ ಹೆಚ್ಚು ಸಂಭಾವ್ಯವೆಂದು ನಮಗೆ ತೋರುತ್ತದೆ. ಲೂಸಿಯ ಹೆಸರು ತಂದೆಯ ಉಯಿಲಿನಲ್ಲಿ ಇಲ್ಲದಿರುವುದು ಈ ನಿರ್ಣಯಕ್ಕೆ ಬಾಧಕವಲ್ಲ. ಉಯಿಲು ಆಸ್ತಿ ಹಂಚುವ ಕಾಗದ. ಮಕ್ಕಳನ್ನು ಎಣಿಸುವ ಪಟ್ಟಿಯಲ್ಲ.

೪

ವಾರನ್ ಅವರಿಗೆ ಸಲ್ಲಬೇಕಾದ ಗೌರವವನ್ನು ಇಷ್ಟಕ್ಕಾಗಿ ಕಡಮೆಮಾಡಬಾರದು. ಕೆಂಟಕಿಯ ಕೌಂಟಿ ಕಚೇರಿಗಳ ತೆರಿಗೆ ಪುಸ್ತಕ, ಕ್ರಯಪತ್ರ, ನ್ಯಾಯಾಲಯದ ಕಡತಗಳನ್ನು ಪಟ್ಟುಹಿಡಿದು ಓದಿ, ಥಾಮಸ್ ಲಿಂಕನ್ನನಿಗೆ ನ್ಯಾಯ ದೊರಕಿಸಿದವರು ಅವರೇ. ಹರ್ನ್‌ಡನ್ನನ ಬರವಣಿಗೆಯಿಂದ ಥಾಮಸನು ಸೋಮಾರಿ, ಅಲೆಮಾರಿ ಎಂಬ ಚಿತ್ರ ಬೇರೂರಿತ್ತು. ದಾಖಲೆಗಳಲ್ಲಿ ಕಾಣುವ ಥಾಮಸ್ ತೆರಿಗೆ ಕಟ್ಟಿದವನು, ಪಂಚಾಯಿತಿಯಲ್ಲಿ ಕುಳಿತವನು, ಹಣಕೊಟ್ಟು ಭೂಮಿ ಕೊಂಡವನು. ೧೮೦೩ರಲ್ಲಿ ಅವನು ಮಿಲ್ ಕ್ರೀಕಿನ ಬಳಿ ೨೩೮ ಎಕರೆಯ ಜಮೀನನ್ನು ೧೧೮ ಪೌಂಡಿಗೆ ಕೊಂಡನು. ೧೮೧೪ರಲ್ಲಿ ಮಾರುವಾಗ ಮೋಜಣಿಯ ದೋಷದಿಂದ ಅದು ೨೦೦ ಎಕರೆಯೆಂದಾಯಿತು. ಬಂದದ್ದು ೧೦೦ ಪೌಂಡು.

ಇದು ಅವನೊಬ್ಬನ ದುರದೃಷ್ಟವಲ್ಲ. ಮರ, ಬಂಡೆ, ತೊರೆಯ ತಿರುವುಗಳನ್ನೇ ಎಲ್ಲೆಯಾಗಿ ಹೇಳುವ ವರ್ಜೀನಿಯದ ಮೋಜಣಿಪದ್ಧತಿಯಿಂದ ಕೆಂಟಕಿಯಲ್ಲಿ ಒಂದರ ಮೇಲೊಂದು ಹಕ್ಕು ಬಿದ್ದು, ವ್ಯಾಜ್ಯಗಳು ಮುಗಿಯದಾದವು. ನಾಬ್ ಕ್ರೀಕಿನ ಭೂಮಿಯಿಂದಲೂ ಅವನನ್ನು ಬಿಡಿಸಲು ೧೮೧೫ರಲ್ಲಿ ದಾವೆ ಬಿದ್ದಿತು. ೧೮೧೬ರ ಕೊನೆಗೆ ಅವನು ಇಂಡಿಯಾನಕ್ಕೆ ಹೊರಟುಹೋದನು. ಗುಲಾಮಗಿರಿಯು ಒಂದು ಕಾರಣವಾದರೂ ಭೂಮಿಯ ಹಕ್ಕಿನ ತೊಡಕೇ ಮುಖ್ಯ ಕಾರಣವೆಂದು ಮಗನೇ ಬರೆದಿದ್ದಾನೆ. ಇಂಡಿಯಾನದಲ್ಲಿ ೧೭೮೫ರ ಭೂಶಾಸನದ ಚೌಕಪದ್ಧತಿಯಿತ್ತು: ಆರು ಮೈಲಿ ಚದರದ ಟೌನ್‌ಷಿಪ್ಪು, ಅದರೊಳಗೆ ೬೪೦ ಎಕರೆಯ ೩೬ ಭಾಗಗಳು. ೧೮೧೭ರಲ್ಲಿ ವಿನ್‌ಸೆನ್ಸ್ ಭೂಕಚೇರಿಯಲ್ಲಿ ಥಾಮಸ್ ಬರೆಯಿಸಿಕೊಂಡ ೧೬೦ ಎಕರೆಗೆ ಎಲ್ಲೆಯ ಜಗಳವಿರಲಿಲ್ಲ. ಅಲೆಮಾರಿಯೆಂದು ನಿಂದೆಗೊಳಗಾದವನ ಅಲೆದಾಟದಲ್ಲಿ ಎರಡು ಮೋಜಣಿಪದ್ಧತಿಗಳ ವ್ಯತ್ಯಾಸ ಅಡಗಿದೆ.

ಹುಡುಕುವ ಸ್ಥಳವನ್ನು ಕುರಿತೂ ಒಂದು ಮಾತು. ಥಾಮಸ್ ಮತ್ತು ನ್ಯಾನ್ಸಿಯರ ವಿವಾಹವೇ ಆಗಲಿಲ್ಲವೆಂಬ ಅಪವಾದ ಒಂದು ಕಾಲದಲ್ಲಿ ಹಬ್ಬಿತ್ತು. ಕಾರಣವಿಷ್ಟೆ: ಅವರು ಸಂಸಾರ ಹೂಡಿದ ಹಾರ್ಡಿನ್ ಕೌಂಟಿಯ ಪುಸ್ತಕಗಳಲ್ಲಿ ಆ ವಿವಾಹ ಕಾಣಲಿಲ್ಲ. ಕಡೆಗೆ ಅದು ವಾಷಿಂಗ್‌ಟನ್ ಕೌಂಟಿಯಲ್ಲಿ ದೊರೆಯಿತು: ಜಾಮೀನುಪತ್ರ ೧೮೦೬ರ ಜೂನ್ ೧೦, ಪಾದ್ರಿ ಜೆಸ್ಸಿ ಹೆಡ್ ಮದುವೆ ಮಾಡಿಸಿದ್ದು ಜೂನ್ ೧೨. ಒಂದು ಕಚೇರಿಯಲ್ಲಿ ಕಾಗದವಿಲ್ಲ ಎಂಬುದು ಒಂದು ಕಚೇರಿಯಲ್ಲಿ ಕಾಗದವಿಲ್ಲ ಎಂಬುದನ್ನು ಮಾತ್ರ ಸಿದ್ಧಪಡಿಸುತ್ತದೆ.

೫

ಈ ನಾಲ್ಕು ಗ್ರಂಥಗಳಲ್ಲಿಯೂ ನಮಗೆ ಕಾಣುವ ದೊಡ್ಡ ಕೊರತೆ ಮತ್ತೊಂದು. ದಾಖಲೆಯಲ್ಲಿ ಇರುವವರನ್ನು ಕುರಿತು ಇವು ಸೂಕ್ಷ್ಮವಾಗಿ ವಿಚಾರಮಾಡುತ್ತವೆ; ದಾಖಲೆಯು ಹೊರಗಿಟ್ಟವರನ್ನು ಕುರಿತು ವಿಚಾರಿಸುವುದಿಲ್ಲ. ಲಾಂಗ್ ರನ್ ತೊರೆಯ ೪೦೦ ಎಕರೆಗೆ ಮೋಜಣಿಯ ಕಾಗದವೊಂದು ಹುಟ್ಟುವ ಮೊದಲೂ ಭೂಮಿಯಿತ್ತು. ೧೭೬೮ರ ಸ್ಟ್ಯಾನ್‌ವಿಕ್ಸ್ ಒಪ್ಪಂದದಲ್ಲಿ ಇರೊಕ್ವಾ ಒಕ್ಕೂಟದವರು ಒಹಾಯೊ ನದಿಯ ದಕ್ಷಿಣದ ಪ್ರದೇಶವನ್ನು ಬಿಟ್ಟುಕೊಟ್ಟರು. ಅಲ್ಲಿ ಬೇಟೆಯಾಡಿ ಬದುಕುತ್ತಿದ್ದ ಶಾನೀ ಜನರು ಆ ಕೊಡುಗೆಯನ್ನು ಒಪ್ಪಲಿಲ್ಲ. ಕ್ಯಾಪ್ಟನ್ ಅಬ್ರಹಾಮನ ಕೊಲೆಯು ಈ ದೀರ್ಘ ಕಲಹದ ಒಂದು ಪ್ರಸಂಗ. ಮೊರ್ಡಕೈಯ ಗುಂಡಿಗೆ ಬಿದ್ದವನಿಗೆ ಹೆಸರಿಲ್ಲ, ಕುಲವಿಲ್ಲ. ಅವನ ವಂಶಾವಳಿಯನ್ನು ಬರೆಯಲು ಯಾವ ಕೌಂಟಿಯ ಕಚೇರಿಯೂ ಕಾಗದ ಇಟ್ಟಿಲ್ಲ.

ಜನಗಣತಿಯ ಸ್ಥಿತಿಯೂ ಇದೇ. ಕೆಂಟಕಿಯ ೧೭೯೦ ಮತ್ತು ೧೮೦೦ರ ಪಟ್ಟಿಗಳು ಉಳಿದಿಲ್ಲವಾದ್ದರಿಂದ ಶೋಧಕರು ತೆರಿಗೆಯ ಪಟ್ಟಿಗಳನ್ನು ಅವಲಂಬಿಸುತ್ತಾರೆ. ೧೮೪೦ರವರೆಗಿನ ಗಣತಿಯಲ್ಲಿ ಮನೆಯ ಯಜಮಾನನಿಗೆ ಮಾತ್ರ ಹೆಸರು. ಹೆಂಡತಿ ಮಕ್ಕಳು ಬರಿಯ ಸಂಖ್ಯೆ. ೧೮೫೦ರಲ್ಲಿ ಸ್ವತಂತ್ರರಾದವರೆಲ್ಲರಿಗೂ ಹೆಸರು ಬಂದಿತು. ಗುಲಾಮರಿಗೆ ಪ್ರತ್ಯೇಕ ಪಟ್ಟಿ: ಒಡೆಯನ ಹೆಸರಿನ ಕೆಳಗೆ ಪ್ರಾಯ, ಲಿಂಗ, ಬಣ್ಣ, ಇಷ್ಟೇ. ಅವರಲ್ಲಿ ಬಹುಮಂದಿಗೆ ರಾಷ್ಟ್ರದ ಗಣತಿಯಲ್ಲಿ ಹೆಸರು ದೊರೆತದ್ದು ೧೮೭೦ರಲ್ಲಿ. ಅಧ್ಯಕ್ಷನ ದೊಡ್ಡಪ್ಪ ಮೊರ್ಡಕೈಯೂ ಗುಲಾಮರನ್ನು ಇಟ್ಟುಕೊಂಡಿದ್ದನು. ಅವರ ಮೊಮ್ಮಕ್ಕಳು ತಮ್ಮ ಪೂರ್ವಿಕರನ್ನು ಹುಡುಕಬೇಕಾದರೆ ಲಿಂಕನ್ನರ ತೆರಿಗೆ ಪುಸ್ತಕವನ್ನೇ ತೆರೆಯಬೇಕು. ಅಲ್ಲಿ ಕಾಣುವುದು ಕುದುರೆಗಳ ಲೆಕ್ಕದ ಪಕ್ಕದಲ್ಲಿ ಒಂದು ಅಂಕೆ. ಹ್ಯಾಂಕ್ಸನ ಉಯಿಲಿನ ಕಡಸಿಗಿದ್ದಷ್ಟು ಹೆಸರೂ ಅಲ್ಲಿ ಈ ಮನುಷ್ಯರಿಗಿಲ್ಲ.

ಆದುದರಿಂದ ವಂಶಚರಿತ್ರೆಯನ್ನು ನಿಷ್ಪ್ರಯೋಜಕವೆಂದು ತಳ್ಳಿಹಾಕುವುದು ನಮ್ಮ ಮತವಲ್ಲ. ಮೇಲೆ ಹೇಳಿದ ಕೃತಿಗಳಿಲ್ಲದಿದ್ದರೆ ಗಡಿನಾಡಿನ ರೈತನ ಬಾಳನ್ನು ನಾವು ಇಷ್ಟು ಹತ್ತಿರದಿಂದ ಕಾಣುತ್ತಿರಲಿಲ್ಲ. ಆದರೆ ಅವು ಅತ್ಯಂತ ಉಪಯುಕ್ತವಾಗುವುದು ಮಹಾಪುರುಷನಿಗೆ ಕುಲೀನತೆಯನ್ನು ಒದಗಿಸುವ ಪ್ರಯತ್ನದಲ್ಲಿ ಅಲ್ಲ. ಭೂಮಿ ಹೇಗೆ ಕೈಬದಲಾಯಿಸಿತು, ಕಾಯಿದೆಯು ಒಂದೇ ಮನೆಯ ಅಣ್ಣತಮ್ಮಂದಿರನ್ನು ಹೇಗೆ ಬೇರೆಮಾಡಿತು, ಯಾರ ಹೆಸರು ಬರೆಯಲ್ಪಟ್ಟಿತು, ಯಾರದು ಬರೆಯಲ್ಪಡಲಿಲ್ಲ ಎಂಬುದನ್ನು ಅವು ಹೇಳುವಾಗ. ಈ ದೃಷ್ಟಿಯಿಂದ ವಾರನ್ ಅವರ ಗ್ರಂಥದ ಥಾಮಸನ ಅಧ್ಯಾಯಗಳನ್ನೂ ಬಾರ್ಟನ್ ಅವರ ಹ್ಯಾಂಕ್ಸ್ ಅಧ್ಯಾಯಗಳನ್ನೂ ಅಕ್ಕಪಕ್ಕದಲ್ಲಿಟ್ಟು ಓದುವುದು ಸಾಧನವಿಮರ್ಶೆಯನ್ನು ಕಲಿಯುವ ವಿದ್ಯಾರ್ಥಿಗಳಿಗೆ ಒಳ್ಳೆಯ ಅಭ್ಯಾಸವಾದೀತು.