ದಾವಣಗೆರೆ ಎಕ್ಸ್‌ಪ್ರೆಸ್‌ನ ಮಣಿಕಟ್ಟು

ವಿನಯ್ ಕುಮಾರ್ ಹೆಸರೆತ್ತಿದರೆ ಈಗಲೂ ಕೆಲವರು ಪರ್ತ್ ಟೆಸ್ಟಿನ ಮಾತು ತೆಗೆಯುತ್ತಾರೆ. 2012ರ ಜನವರಿಯಲ್ಲಿ ಡೇವಿಡ್ ವಾರ್ನರ್ ಇವರ ಎಸೆತವನ್ನೇ ಸಿಕ್ಸರ್‌ಗೆ ಎತ್ತಿ, 69 ಎಸೆತಗಳಲ್ಲಿ ಶತಕ ಮುಗಿಸಿದ ಪಂದ್ಯ ಅದು. 13 ಓವರ್, 73 ರನ್, ಮೈಕ್ ಹಸ್ಸಿಯ ಒಂದೇ ವಿಕೆಟ್. ಅವರಿಗೆ ಸಿಕ್ಕಿದ್ದೂ ಅದೊಂದೇ ಟೆಸ್ಟ್. ಮೂರು ದಿನಕ್ಕೆ ಮುಗಿದುಹೋದ ಆ ಪಂದ್ಯವನ್ನಿಟ್ಟುಕೊಂಡು ಇಂಥ ಬೌಲರನ್ನು ತೂಗುವುದು ಶುದ್ಧ ಅನ್ಯಾಯ ಎಂದು ನಾನು ಯಾವತ್ತೂ ವಾದಿಸುತ್ತೇನೆ.

1984ರಲ್ಲಿ ದಾವಣಗೆರೆಯಲ್ಲಿ ಹುಟ್ಟಿ, 2004-05ರಲ್ಲಿ ಕರ್ನಾಟಕ ತಂಡಕ್ಕೆ ಬಂದ ಈ ಮಧ್ಯಮ ವೇಗಿಗೆ ಜನ ‘ದಾವಣಗೆರೆ ಎಕ್ಸ್‌ಪ್ರೆಸ್’ ಎಂದು ಹೆಸರಿಟ್ಟರು. ಆದರೆ ಅವರ ಬಂಡವಾಳ ವೇಗವಲ್ಲ, ಮಣಿಕಟ್ಟು. ಚೆಂಡು ಬಿಡುವಾಗ ಮಣಿಕಟ್ಟು ಅದರ ಹಿಂದೆ ನೆಟ್ಟಗೆ ನಿಲ್ಲಬೇಕು, ಹೊಲಿಗೆ ಅಲುಗಾಡದೆ ಸ್ಲಿಪ್ ಕಡೆಗೆ ಮುಖಮಾಡಿ ಹೋಗಬೇಕು. ಆಗಲೇ ಆಫ್‌ಸ್ಟಂಪಿನ ಗೆರೆಯಲ್ಲಿ ಬಿದ್ದ ಚೆಂಡು ಕೊನೇ ಗಳಿಗೆಯಲ್ಲಿ ಹೊರಕ್ಕೆ ಸರಿಯುವುದು. ನಮ್ಮ ದಾವಣಗೆರೆ, ಹರಿಹರದ ಟೆನಿಸ್ ಬಾಲ್ ಪಂದ್ಯಗಳಲ್ಲಿ ತೋಳಿನ ಬಲದಿಂದ ಬೀಸಿ ಎಸೆಯುವ ಹುಡುಗರು ಬೇಕಾದಷ್ಟಿದ್ದಾರೆ. ಅವರು ಕಣ್ಣಿಟ್ಟು ನೋಡಬೇಕಾದದ್ದು ಈ ಮಣಿಕಟ್ಟನ್ನು.

2017ರ ಡಿಸೆಂಬರ್, ನಾಗಪುರ, ಮುಂಬೈ ವಿರುದ್ಧ ರಣಜಿ ಕ್ವಾರ್ಟರ್ ಫೈನಲ್. ಮೊದಲ ಓವರಿನ ಕೊನೇ ಎಸೆತಕ್ಕೆ ಪೃಥ್ವಿ ಶಾ ಹೋದರು. ನಡುವೆ ಇನ್ನೊಂದು ತುದಿಯಿಂದ ಒಂದು ಓವರ್ ಆಯಿತು. ವಿನಯ್ ಮತ್ತೆ ಚೆಂಡು ಹಿಡಿದು ಬಂದವರೇ ಮೊದಲೆರಡು ಎಸೆತಗಳಲ್ಲಿ ಜಯ್ ಬಿಸ್ತಾ, ಆಕಾಶ್ ಪಾರ್ಕರ್ ಇಬ್ಬರನ್ನೂ ಕಳಿಸಿದರು. ಆಗ ಅವರಿಗೆ 33 ವರ್ಷ. 34 ರನ್ನಿಗೆ 6 ವಿಕೆಟ್. ಮುಂಬೈ 173ಕ್ಕೆ ಆಲೌಟ್. ಓವರ್ ಮುರಿದು ಬಂದ ಹ್ಯಾಟ್ರಿಕ್ ನನಗೆ ಹೆಚ್ಚು ಇಷ್ಟ, ಏಕೆಂದರೆ ಐದಾರು ನಿಮಿಷ ಮಿಡ್‌ಆಫಿನಲ್ಲೋ ಬೌಂಡರಿ ಬಳಿಯೋ ನಿಂತು ಬಂದ ಮೇಲೂ ಅದೇ ಲೆಂತ್ ಕೈಗೆ ಹತ್ತಬೇಕು.

ನಾಯಕನಾಗಿ ಅವರು 2013-14, 2014-15 ಎರಡೂ ಸಾಲಿನ ರಣಜಿ ಗೆದ್ದುಕೊಟ್ಟರು. ಎರಡನೆಯದರ ಫೈನಲ್ ವಾಂಖೆಡೆಯಲ್ಲಿ. ಮೊದಲ ಇನಿಂಗ್ಸಿನಲ್ಲೇ ಐದು ವಿಕೆಟ್ ಕಿತ್ತು ತಮಿಳುನಾಡನ್ನು 134ಕ್ಕೆ ಕಟ್ಟಿಹಾಕಿದರು. ನಮ್ಮವರೂ 84ಕ್ಕೆ ಐದು ವಿಕೆಟ್ ಕಳೆದುಕೊಂಡು ಕಂಗಾಲಾಗಿದ್ದಾಗ ಕರುಣ್ ನಾಯರ್ (328) ಮತ್ತು ರಾಹುಲ್ (188) ಆಸರೆಯಾದರು. ಆಮೇಲೆ ವಿನಯ್ ತಾವೇ ಬ್ಯಾಟ್ ಹಿಡಿದು ಔಟಾಗದೆ 105 ಹೊಡೆದರು. ಕರುಣ್ ತ್ರಿಶತಕದ ನೆರಳಿನಲ್ಲಿ ಆ ಶತಕ ಮರೆಗೆ ಸರಿದದ್ದು ನನಗೆ ಇವತ್ತಿಗೂ ಬೇಸರ.

31 ಏಕದಿನ ಪಂದ್ಯಗಳನ್ನೂ ಆಡಿದರು. ಅದರ ಲೆಕ್ಕ ಎಲ್ಲೆಡೆ ಸಿಗುತ್ತದೆ. ಕೊನೆಗೆ ಪುದುಚೇರಿ ಪರ ಆಡಿ, 2021ರ ಫೆಬ್ರುವರಿಯಲ್ಲಿ ನಿವೃತ್ತರಾದಾಗ ಪ್ರಥಮ ದರ್ಜೆಯಲ್ಲಿ 504 ವಿಕೆಟ್ ಅವರ ಹೆಸರಿನಲ್ಲಿದ್ದವು. ಅವುಗಳಲ್ಲಿ 442 ಬರೀ ರಣಜಿಯವು. ಆ ಹೊತ್ತಿಗೆ ರಣಜಿಯಲ್ಲಿ ಅಷ್ಟು ವಿಕೆಟ್ ಪಡೆದ ವೇಗಿ ಮತ್ತೊಬ್ಬರಿರಲಿಲ್ಲ.